ಸಿಕ್ಕಾ ಹೊಡೆಯುವ ಕೈ ಯಾರದು?

ತಮ್ಮಾ,

ಕೆನಡಾದ ಅರ್ಜಿಗೆ ಟ್ರಾನ್ಸ್‌ಕ್ರಿಪ್ಟ್ ಬೇಕು, ಧಾರವಾಡಕ್ಕೆ ಹೋಗಿ ಬರಲು ರಜೆ ಇಲ್ಲ. "ಕಾಕಾ, ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕಡೆ ಒಂದು ಗೋಲ ಸಿಕ್ಕಾ ಹೊಡಿಸ್ಕೊಂಡ್ರ ನಡೀತದಲ್ಲ?" ಎಂದು ನೀನು ಕೇಳಿದೆ. ನಡೆಯುವುದಿಲ್ಲ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ನೌಕರಿಯ ಕಾಲವನ್ನೆಲ್ಲ ಪರೀಕ್ಷಾ ವಿಭಾಗದ ಕಡತಗಳ ಧೂಳಿನಲ್ಲಿ ಕಳೆದವನು ನಾನು. ಸಿಕ್ಕಾದ ಮಾತು ಬಂದರೆ ಅರ್ಧಕ್ಕೆ ಬಿಡುವ ಚಾಳಿ ನನಗಿಲ್ಲ. ಪುಣೆಯ ಮಗರಪಟ್ಟಾದ ಸೈಬರ್‌ಸಿಟಿಯಲ್ಲಿ ನಿನ್ನ ಜೊತೆ ಊಟಕ್ಕೆ ಕೂಡುವ ಬೆಳಗಾವಿ, ವಿಜಯಪುರ, ಕಲಬುರಗಿಯ ಗೆಳೆಯರಿಗೂ ಇದನ್ನು ಓದಿ ಹೇಳು. ಅವರೂ ಇವತ್ತಲ್ಲ ನಾಳೆ ಇದೇ ಪ್ರಶ್ನೆ ಹಿಡಿದುಕೊಂಡು ಬರುವವರೇ.

ಲಾಂಛನ ಬೇರೆ, ಮೊಹರು ಬೇರೆ, ಕಚೇರಿಯ ರಬ್ಬರ್ ಸಿಕ್ಕಾ ಬೇರೆ. ಲಾಂಛನವೆಂದರೆ ಮೈಸೂರು ವಿಶ್ವವಿದ್ಯಾಲಯದ ಗಂಡಭೇರುಂಡದಂಥದ್ದು. ಕಮಾನಿನ ಮೇಲೆ, ಲೆಟರ್‌ಹೆಡ್ ಮೇಲೆ, ಜಾಲತಾಣದಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಅದು ಗುರುತು ಹೇಳುತ್ತದೆ, ಯಾವುದಕ್ಕೂ ಜಾಮೀನು ನಿಲ್ಲುವುದಿಲ್ಲ. ಮೊಹರಿನ ಕಥೆಯೇ ಬೇರೆ. ಕಾನೂನಿನ ಕಣ್ಣಿಗೆ ವಿಶ್ವವಿದ್ಯಾಲಯವೂ ಒಬ್ಬ ವ್ಯಕ್ತಿ. ಕುಲಪತಿಗಳು ಬದಲಾಗುತ್ತಾರೆ, ಕುಲಸಚಿವರು ವರ್ಗವಾಗುತ್ತಾರೆ, ಅದು ಮಾತ್ರ ಮುಂದುವರಿಯುತ್ತದೆ. ಆದರೆ ಸಹಿ ಮಾಡಲು ಅದಕ್ಕೆ ಕೈ ಇಲ್ಲವಲ್ಲ, ಅದಕ್ಕೇ ಮೊಹರು. 1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಹುಟ್ಟಿದ ಕಾಯ್ದೆಯಿಂದ ಹಿಡಿದು ಕರ್ನಾಟಕದ 2000ದ ಕಾಯ್ದೆ, ಮಹಾರಾಷ್ಟ್ರದ 2016ರ ಕಾಯ್ದೆಯವರೆಗೆ ಸಾಮಾನ್ಯ ಮೊಹರಿನ ಮಾತು ತಪ್ಪದೆ ಬರುತ್ತದೆ. ಅದನ್ನು ಜೋಪಾನ ಮಾಡುವ ಹೊಣೆ ಕುಲಸಚಿವರದು. ನಿಮ್ಮ ಕಂಪನಿಗಳಿಗೆ ಈಗ ಮೊಹರು ಕಡ್ಡಾಯವಲ್ಲ, 2015ರ ತಿದ್ದುಪಡಿ ಅದನ್ನು ಐಚ್ಛಿಕ ಮಾಡಿತು. ಅದಕ್ಕೇ ಇರಬೇಕು, ಐಟಿ ಹುಡುಗರಿಗೆ ಸಿಕ್ಕಾ ಅಂದರೆ ಹಳೇ ಕಾಲದ ಉಪಚಾರದಂತೆ ಕಾಣುವುದು.

ಮೂರನೆಯದು ದಿನಬಳಕೆಯ ರಬ್ಬರ್ ಸಿಕ್ಕಾ. ಪ್ರತಿ ವಿಭಾಗಕ್ಕೂ ಒಂದು ಗೋಲ ಸಿಕ್ಕಾ, ಅಧಿಕಾರಿಯ ಹೆಸರು ಹುದ್ದೆಯ ಉದ್ದ ಸಿಕ್ಕಾ ಇರುತ್ತದೆ. ಅದನ್ನು ಹೊಡೆಯುವ ರೀತಿ ನೀನು ನೋಡಿರಲಿಕ್ಕಿಲ್ಲ. ಗುಮಾಸ್ತ ಮೊದಲು ಲೆಡ್ಜರ್ ತೆಗೆದು ನಿನ್ನ ನೋಂದಣಿ ಸಂಖ್ಯೆಯ ಮೇಲೆ ಬೆರಳಿಟ್ಟು, ಅಂಕಗಳನ್ನು ಒಂದೊಂದಾಗಿ ತಾಳೆ ನೋಡುತ್ತಾನೆ. ಆಮೇಲೆ ಮೇಲ್ವಿಚಾರಕನ ಕಿರುಸಹಿ, ಅಧಿಕಾರಿಯ ಸಹಿ. ಕೊನೆಗೆ, ನೇರಳೆ ಇಂಕಿನ ಪ್ಯಾಡಿಗೆ ಒತ್ತಿದ ಗೋಲ ಸಿಕ್ಕಾ ಸಹಿಯ ಒಂದು ಅಂಚನ್ನು ಮುಟ್ಟುವಂತೆ ಬೀಳಬೇಕು. ಸಹಿಯೂ ಓದಲು ಬರಬೇಕು, ಸಿಕ್ಕಾದ ಅಕ್ಷರವೂ ಓದಲು ಬರಬೇಕು. ಖಾಲಿ ಕಾಗದದ ಮೇಲೆ, ಸಹಿಯಾಗದ ಕಾಗದದ ಮೇಲೆ ಸಿಕ್ಕಾ ಹೊಡೆಯುವಂತಿಲ್ಲ. ಜಾವಕ ನಂಬರ್, ಅಂದರೆ ಹೊರಹೋಗುವ ಕಾಗದದ ದಾಖಲೆ ಸಂಖ್ಯೆ, ಬೀಳದ ಕಾಗದ ಕಚೇರಿಯ ಹೊಸ್ತಿಲು ದಾಟುವಂತಿಲ್ಲ. ಯಾರಾದರೂ ಪರಿಶೀಲನೆಗೆ ಬರೆದು ಕೇಳಿದಾಗ ಮೊದಲು ಹುಡುಕುವುದು ಆ ನಂಬರನ್ನು. ಸಿಕ್ಕಾ ಹೇಳುವುದು ಒಂದೇ ಮಾತು: ಈ ಕಾಗದ ನಮ್ಮ ಕಚೇರಿಯಿಂದ, ನಮ್ಮ ದಾಖಲೆ ನೋಡಿ ಹೊರಟಿದ್ದು.

ಈಗ ನಿನ್ನ ಪ್ರಶ್ನೆಗೆ ಬಾ. ಪ್ರಿನ್ಸಿಪಾಲರು ಬೋನಾಫೈಡ್ ಕೊಡಬಹುದು, ಶಾಲು ಹೊದಿಸಿ ಸನ್ಮಾನವನ್ನೂ ಮಾಡಬಹುದು. ಆದರೆ ಪದವಿ ಕೊಟ್ಟವರು ಅವರಲ್ಲ, ಅಂಕಗಳ ಮೂಲ ದಾಖಲೆಯೂ ಅವರ ಕಪಾಟಿನಲ್ಲಿಲ್ಲ. ಪದವಿ ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದರ ಸಿಕ್ಕಾವೇ ಬೇಕು. ನಮ್ಮ ಕಡೆಯವರು ಇಲ್ಲಿ ಎಡವುವುದು ಬಹಳ. ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೂ ಮೊದಲು ಬೆಳಗಾವಿಯಲ್ಲೋ ವಿಜಯಪುರದಲ್ಲೋ ಬಿ.ಎಸ್ಸಿ. ಮುಗಿಸಿದವರು ಕರ್ನಾಟಕ ವಿಶ್ವವಿದ್ಯಾಲಯವಿರುವ ಧಾರವಾಡದ ಪಾವಟೆ ನಗರದ ಗುಡ್ಡ ಹತ್ತಲೇಬೇಕು. ಎಂಜಿನಿಯರಿಂಗ್ ಕಾಲೇಜುಗಳಿಗೆ ವಿಟಿಯು ಬಂದದ್ದು 1998ರಲ್ಲಿ. ನಿಮ್ಮ ಡೈರೆಕ್ಟರ್ ವಯಸ್ಸಿನ ಹುಬ್ಬಳ್ಳಿಯ ಎಂಜಿನಿಯರುಗಳ ಪದವಿ ಕರ್ನಾಟಕ ವಿಶ್ವವಿದ್ಯಾಲಯದ್ದು. ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಕನ್ನಡದವರದೂ ಇದೇ ಪಾಡು: 2004ರಲ್ಲಿ ಸೊಲ್ಲಾಪುರಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂತು, ಹಿಂದಿನವರ ಕಾಗದವೆಲ್ಲ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ್ದು. ಪುಣೆಯ ಗಾಡಿತಳದಲ್ಲಿ ಬಸ್ ಹತ್ತುವ ಮೊದಲು ಪದವಿ ಪತ್ರವನ್ನೊಮ್ಮೆ ತೆಗೆದು ಓದಿದರೆ ಒಂದು ಪ್ರಯಾಣ ಉಳಿಯುತ್ತದೆ.

ಲಕೋಟೆಯ ವಿಷಯ ಇನ್ನೂ ನಾಜೂಕು. ಕೆನಡಾದ ಅರ್ಜಿಗೆ ವಿದ್ಯಾರ್ಹತೆ ತೂಗಿ ಹೇಳುವ ಸಂಸ್ಥೆಗಳು ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ಬರಲಿ ಎನ್ನುತ್ತವೆ. ಅಂಥ ಲಕೋಟೆಯ ಬಾಯಿ ಅಂಟಿಸಿದ ಮೇಲೆ, ಅರ್ಧ ಮಡಿಕೆಯ ಮೇಲೆ ಅರ್ಧ ಲಕೋಟೆಯ ಮೇಲೆ ಬರುವಂತೆ ಸಿಕ್ಕಾ ಹೊಡೆದು ಅಡ್ಡ ಸಹಿ ಹಾಕುತ್ತಾರೆ. ಬಿಚ್ಚಿದರೆ ಎರಡು ಅರ್ಧಗಳು ಮತ್ತೆ ಸರಿಯಾಗಿ ಕೂಡುವುದಿಲ್ಲ. ಕೆಲವು ಸಲ ಅದೇ ಲಕೋಟೆಯನ್ನು ನಿನ್ನ ಕೈಗೇ ಕೊಡುವುದುಂಟು. ಒಳಗೇನಿದೆ ನೋಡೋಣ ಎಂಬ ಆಸೆ ಸಹಜ, ಆದರೆ ಮುಟ್ಟಬೇಡ. ಬಿಚ್ಚಿದ ಲಕೋಟೆಯಲ್ಲಿ ಇರುವುದು ಅಸಲಿಯೇ ಆದರೂ ಅದರ ಬೆಲೆ ಹೋಯಿತು. ನೋಡಲೇಬೇಕಿದ್ದರೆ ನಿನಗಾಗಿ ಇನ್ನೊಂದು ಪ್ರತಿಗೆ ಶುಲ್ಕ ಕಟ್ಟು.

ಪದವಿ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡ ಎಂದು ನಿಮ್ಮಪ್ಪನಿಗೂ ಹೇಳಿದ್ದೆ, ಅವನು ಕೇಳಲಿಲ್ಲ. ಕೆಲವು ಪದವಿ ಪತ್ರಗಳ ಮೇಲೆ ಇಂಕಿಲ್ಲದ ಉಬ್ಬು ಮೊಹರು ಇರುತ್ತದೆ, ಹೆಬ್ಬೆರಳು ಆಡಿಸಿದರೆ ಕೈಗೆ ತಾಕುತ್ತದೆ. ಪ್ಲಾಸ್ಟಿಕ್ಕಿನ ಬಿಸಿ ಒತ್ತಿಗೆ ಆ ಉಬ್ಬು ಚಪ್ಪಟೆಯಾಗುತ್ತದೆ. ಮೇಲಾಗಿ, ವಿದೇಶದಲ್ಲಿ ನಮ್ಮ ಕಾಗದ ಅಸಲಿಯೆಂದು ಒಪ್ಪಿಸುವ ಹೇಗ್ ಒಪ್ಪಂದದ ಅಪೊಸ್ಟಿಲ್ ವ್ಯವಸ್ಥೆ ನಮ್ಮ ದೇಶದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ. ವಿದೇಶಾಂಗ ಸಚಿವಾಲಯ ಅದರ ಸ್ಟಿಕ್ಕರನ್ನು ಮೂಲ ಪತ್ರದ ಬೆನ್ನಿಗೇ ಹಚ್ಚುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಅದು ಎಲ್ಲಿ ಹತ್ತಬೇಕು? ನೀನು ಪುಣೆಯಲ್ಲಿದ್ದೀ ಎಂದು ಕರ್ನಾಟಕದ ಪದವಿಗೆ ಮಹಾರಾಷ್ಟ್ರ ಸರ್ಕಾರದ ದೃಢೀಕರಣ ಮಾಡಿಸಲು ಓಡಾಡುವುದೂ ವ್ಯರ್ಥ. ಪದವಿ ಎಲ್ಲಿಯದೋ ಆ ರಾಜ್ಯದ ದೃಢೀಕರಣ ಮೊದಲು.

ಇನ್ನು ನಿಜವಾಗಿ ಹೆದರಿಕೆಯಾಗುವ ಸಂಗತಿ. ನಿಮಗೆಲ್ಲ ಕಂಪ್ಯೂಟರ್ ಕರತಲಾಮಲಕ. ಹಳೆಯ ಅಂಕಪಟ್ಟಿಯಿಂದ ಸಿಕ್ಕಾ ಕತ್ತರಿಸಿ ಹೊಸ ಪಿಡಿಎಫ್‌ಗೆ ಕೂಡಿಸಲು ಐದು ನಿಮಿಷ ಸಾಕು. "ಮಾರ್ಕ್ಸ್ ಎಲ್ಲಾ ಖರೇನೇ ಅದಾವಲ್ಲ ಕಾಕಾ, ಸಿಕ್ಕಾ ಅಷ್ಟೇ ಅಂಟಿಸೋದು" ಎಂದು ಸಮಾಧಾನ ಹೇಳಿಕೊಳ್ಳುವವರನ್ನು ಕಂಡಿದ್ದೇನೆ. ಅಂಕ ಖರೆ ಇದ್ದರೂ ಕಾಗದ ಸುಳ್ಳು. ಪರಿಶೀಲನೆಗೆ ಬಂದ ಪತ್ರಕ್ಕೆ ವಿಶ್ವವಿದ್ಯಾಲಯ ಕೊಡುವ ಉತ್ತರ ಒಂದೇ ಸಾಲಿನದು: ಇದನ್ನು ನಾವು ಕೊಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 340ನೇ ಕಲಂ ಪ್ರಕಾರ, ಖೊಟ್ಟಿ ಕಾಗದವನ್ನು ಗೊತ್ತಿದ್ದೂ ಅಸಲಿಯೆಂದು ಬಳಸಿದವನಿಗೆ ಅದನ್ನು ಸೃಷ್ಟಿಸಿದವನಷ್ಟೇ ಶಿಕ್ಷೆ. ಫೋರ್ಜರಿ ಮಾಡುವ ಉದ್ದೇಶದಿಂದ ಖೊಟ್ಟಿ ಮೊಹರು ತಯಾರಿಸಿದರೆ, ಇಟ್ಟುಕೊಂಡರೂ ಸಹ, 341ನೇ ಕಲಂ ಏಳು ವರ್ಷಗಳವರೆಗಿನ, ಕೆಲವು ಸಂದರ್ಭಗಳಲ್ಲಿ ಜೀವಾವಧಿಯವರೆಗಿನ ಶಿಕ್ಷೆ ಹೇಳುತ್ತದೆ. "ಧಾರವಾಡಕ್ಕ ಹೋಗೋದು ಬ್ಯಾಡ, ಎಲ್ಲಾ ನಾವೇ ಮಾಡಿಸಿ ಕೊಡ್ತೀವಿ" ಎನ್ನುವ ಏಜೆಂಟನಿಗೆ ವಿಶ್ವವಿದ್ಯಾಲಯದ ರಸೀದಿ ಕೇಳು. ಕೊಡದಿದ್ದರೆ ಅಲ್ಲಿಂದ ಕಾಲು ತೆಗೆ.

ಈ ಖೊಟ್ಟಿ ಕೆಲಸ ನಿಮ್ಮ ಕಾಲದ್ದೇ ಅಂದುಕೊಳ್ಳಬೇಡ. ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ಒಂದು ಬಳೆಗೆ ಪೋಣಿಸಿ, ಬಳೆಯ ಕೂಡುಗಂಟಿಗೆ ವರಾಹ ಮುದ್ರೆ ಒತ್ತುತ್ತಿದ್ದರು. ಬಳೆ ಕತ್ತರಿಸದೆ ಹಲಗೆ ಬದಲಿಸಲು ಆಗದು. ಶಾಸನ ವಿದ್ವಾಂಸ ಜೆ. ಎಫ್. ಫ್ಲೀಟ್ ತಾಮ್ರಪಟ ಕೈಗೆ ಬಂದರೆ ಬಳೆ ಕತ್ತರಿಸಿದೆಯೋ ಇಲ್ಲವೋ ಎಂಬುದನ್ನೂ ಬರೆದಿಡುತ್ತಿದ್ದ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಖೊಟ್ಟಿ ಎಂದು ತಳ್ಳಿಹಾಕಿದ. ಇನ್ನೊಬ್ಬ ಶಾಸನ ವಿದ್ವಾಂಸ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ, ಇಬ್ಬರಿಗೂ ಜೋರು ವಾದ ನಡೆಯಿತು. ಭೂಮಿಯ ಆಸೆಗೆ ಅರಸನ ಮುದ್ರೆಯನ್ನೇ ನಕಲು ಮಾಡಿದವರಿದ್ದರು ಎಂದಮೇಲೆ ವೀಸಾದ ಆಸೆ ಯಾವ ಲೆಕ್ಕ?

ಡಿಜಿಲಾಕರ್‌ನಲ್ಲಿ ನಿನ್ನ ಅಂಕಪಟ್ಟಿ ಇದ್ದರೆ ಅದರಲ್ಲಿ ಸಿಕ್ಕಾ ಕಾಣಲಿಲ್ಲ ಎಂದು ಗಾಬರಿಯಾಗಬೇಡ. ಇಂಥ ಅಂಕಪಟ್ಟಿಗಳನ್ನು ಇಡುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರ 2017ರಲ್ಲಿ ಶುರುವಾದದ್ದೇ ಈ ಓಡಾಟ ತಪ್ಪಿಸಲು. ಅಲ್ಲಿ ಸಿಕ್ಕಾದ ಕೆಲಸವನ್ನು ಡಿಜಿಟಲ್ ಸಹಿ ಮಾಡುತ್ತದೆ. ಆದರೆ ಆ ಫೈಲನ್ನು ಬೇರೆ ಫೈಲುಗಳ ಜೊತೆ ಮರ್ಜ್ ಮಾಡಿದರೆ, ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೆ, ಸಹಿ ಸತ್ತುಹೋಗಿ ಬರೀ ಚಿತ್ರ ಉಳಿಯುತ್ತದೆ. ಬಂದ ಫೈಲನ್ನು ಬಂದ ಹಾಗೆಯೇ ಕಳಿಸು.

ಲಾಂಛನದ ಬಗ್ಗೆಯೂ ಒಂದು ಮಾತು. ನಿಮ್ಮ ಹಳೆಯ ವಿದ್ಯಾರ್ಥಿಗಳ ಗುಂಪು ರಾಜ್ಯೋತ್ಸವಕ್ಕೆ ಕ್ರಿಕೆಟ್ ಪಂದ್ಯ ಇಟ್ಟು, ಪ್ರಶಸ್ತಿ ಪತ್ರದ ಮೇಲೆ ವಿಶ್ವವಿದ್ಯಾಲಯದ ಲಾಂಛನ ಹಾಕುತ್ತದಂತೆ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೂ ಲಿಖಿತ ಅನುಮತಿ ಇಲ್ಲದೆ ಹಾಕಬಾರದು. ನಿಮ್ಮ ಗುಂಪಿಗೆ ನಿಮ್ಮದೇ ಒಂದು ಗುರುತು ಬರೆಸಿರಿ.

ನಿನ್ನ ಹೆಂಡತಿ ಎಚ್.ಆರ್. ಕೆಲಸದಲ್ಲಿದ್ದಾಳಲ್ಲ, ಅವಳಿಗೊಂದು ಮಾತು. ಸಿಕ್ಕಾ ಗುಂಡಗಿದೆ, ಇಂಕು ಚೆನ್ನಾಗಿ ಮೂಡಿದೆ ಎಂದು ಯಾವ ಕಾಗದವನ್ನೂ ಒಪ್ಪಬಾರದವ್ವ. ಖೊಟ್ಟಿ ಸಿಕ್ಕಾ ಅಸಲಿಗಿಂತ ಚಂದ ಇರುತ್ತದೆ. ನಮ್ಮ ಕಚೇರಿಯ ಸಿಕ್ಕಾ ಸವೆದು ಅರ್ಧ ಅಕ್ಷರ ಹಾರಿಹೋಗಿರುತ್ತಿತ್ತು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯವಾದರೆ ಕುಲಸಚಿವರು (ಮೌಲ್ಯಮಾಪನ), ಮಹಾರಾಷ್ಟ್ರದ್ದಾದರೆ ಪರೀಕ್ಷಾ ಮತ್ತು ಮೌಲ್ಯಮಾಪನ ಮಂಡಳಿಯ ನಿರ್ದೇಶಕರು, ಅವರಿಗೆ ನೇರ ಬರೆದು ಕೇಳಬೇಕು. ಸಂಸ್ಥೆಯೇ ಅನುಮಾನ ಅನಿಸಿದರೆ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ನೋಡಲಿ. ಗೋಕಾಕದ ಬಡಗಾನವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿಯ ಹೆಸರು ವರ್ಷಗಟ್ಟಲೆ ಅದರಲ್ಲಿ ಇತ್ತು, ನಾಗಪುರದ ರಾಜಾ ಅರೇಬಿಕ್ ಯೂನಿವರ್ಸಿಟಿಯದೂ ಇತ್ತು. ನಮ್ಮ ಬೆಳಗಾವಿ ಜಿಲ್ಲೆಯ ಹೆಸರು ಆ ಪಟ್ಟಿಯಲ್ಲಿ ಓದುವಾಗ ನನಗಂತೂ ನಾಚಿಕೆಯಾಗುತ್ತಿತ್ತು.

ಈ ವಾರವೇ ಅರ್ಜಿ ಹಾಕು. ಪದವಿ ಪತ್ರದಲ್ಲಿರುವ ಹೆಸರು, ಪಾಸ್‌ಪೋರ್ಟಿನ ಹೆಸರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು, ಅಡ್ಡಹೆಸರು ಹಿಂದುಮುಂದಾಗಿದ್ದರೆ ಮೊದಲೇ ತಿಳಿಸು. ಒಂದು ಪ್ರತಿ ಹೆಚ್ಚಿಗೆ ಕೇಳು. ಶುಲ್ಕದ ರಸೀದಿಯನ್ನೂ ಜಾವಕ ನಂಬರನ್ನೂ ಫೋಟೋ ತೆಗೆದಿಟ್ಟುಕೋ. ಕಾಗದ ಕೈಗೆ ಬಂದಕೂಡಲೆ ಆ ಕೌಂಟರಿನ ಮುಂದೆಯೇ ನಿಂತು ಸಹಿ, ಸಿಕ್ಕಾ, ತಾರೀಖು ಮೂರೂ ಬಿದ್ದಿವೆಯೇ ಎಂದು ನೋಡು. ಒಂದು ಬಿಟ್ಟುಹೋಗಿದ್ದರೂ ಅಲ್ಲೇ ಹಾಕಿಸಿಕೋ. ಪುಣೆಗೆ ಬಂದ ಮೇಲೆ ನೆನಪಾದರೆ ಮತ್ತೊಂದು ರಜೆ ಹಾಕಬೇಕಾಗುತ್ತದೆ.