ಬಿಸಿಗಾಳಿಯ ನಾಡಿನಲ್ಲಿ ಕೈತೋಟ

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ವಿಜಯಪುರ, ರಾಯಚೂರು ಜಿಲ್ಲೆಗಳಲ್ಲಿ ಬೇಸಗೆಯ ಕೈತೋಟವೆಂದರೆ ನೀರಿನ ಲೆಕ್ಕಾಚಾರವೇ ಸರಿ. ಹೊತ್ತು ತಂದ ನೀರನ್ನು ಬೆಳಗ್ಗೆ ಬದನೆಯ ಪಾತಿಗೆ ಹೊಯ್ದರೆ, ಮಧ್ಯಾಹ್ನದ ಹೊತ್ತಿಗೆ ಮಣ್ಣಿನ ಮೇಲ್ಪದರ ಒಣಗಿರುತ್ತದೆ. ನಾವು ಬಿಸಿಲನ್ನು ದೂರುತ್ತೇವೆ. ಬಿಸಿಲಿನ ಪಾಲು ದೊಡ್ಡದೆಂಬುದೇನೋ ನಿಜ. ಆದರೆ ಅದರೊಡನೆ ಕೈಗೂಡಿಸುವವು ಇನ್ನೆರಡುಂಟು: ಒಣ ಹವೆ ಮತ್ತು ಗಾಳಿ. ಇವುಗಳಲ್ಲಿ ನಮ್ಮ ಹತೋಟಿಗೆ ಸುಲಭವಾಗಿ ಸಿಕ್ಕುವುದು ಗಾಳಿ.

ಮೊದಲು ಹವೆಯನ್ನು ನೋಡೋಣ. ಪ್ರತಿಯೊಂದು ಉಷ್ಣತೆಯಲ್ಲಿಯೂ ಹವೆಯಲ್ಲಿ ಇರಬಹುದಾದ ನೀರಾವಿಗೆ ಒಂದು ಮಿತಿಯುಂಟು. ಆ ಮಿತಿಯಲ್ಲಿ ಆವಿಯ ಒತ್ತಡವು 25 ಡಿಗ್ರಿ ಸೆಲ್ಸಿಯಸಿನಲ್ಲಿ ಪಾದರಸದ ಸುಮಾರು 24 ಮಿಲಿಮೀಟರು. 40 ಡಿಗ್ರಿಯಲ್ಲಿ ಸುಮಾರು 55. ತಂಪಾದ ದಿನ ಆರ್ದ್ರತೆ ಶೇಕಡಾ 60, ಬಿಸಿಯ ದಿನ ಶೇಕಡಾ 20 ಎಂದಿಟ್ಟುಕೊಂಡರೆ, ಮಿತಿಯನ್ನು ಮುಟ್ಟಲು ಮೊದಲ ಹವೆಗಿರುವ ಕೊರತೆ ಸುಮಾರು 10 ಮಿಲಿಮೀಟರು, ಎರಡನೆಯದಕ್ಕೆ 44. ಬಾಯಾರಿಕೆ ನಾಲ್ಕು ಪಟ್ಟಿಗೂ ಮಿಗಿಲಾಯಿತು!

ಇನ್ನು ಗಾಳಿ. ಹವೆ ನಿಶ್ಚಲವಾಗಿದ್ದಾಗ ಎಲೆಯಿಂದ ಹೊರಟ ಆವಿಯು ಎಲೆಯ ಬಳಿಯಲ್ಲೇ ತೆಳುವಾದ ಹೊದಿಕೆಯಂತೆ ನಿಂತು, ಮುಂದಿನ ಆವಿಯನ್ನು ನಿಧಾನಗೊಳಿಸುತ್ತದೆ. ಬೀಸುಗಾಳಿ ಈ ಹೊದಿಕೆಯನ್ನು ಒಯ್ದು, ಅದರ ಎಡೆಯಲ್ಲಿ ಒಣ ಹವೆಯನ್ನು ತರುತ್ತದೆ. ಬೇರುಗಳು ಅಷ್ಟು ವೇಗವಾಗಿ ನೀರನ್ನೊದಗಿಸಲಾರದೆ ಹೋದಾಗ ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಹಾರ ತಯಾರಿಕೆಯೂ ಕುಂಠಿತವಾಗುತ್ತದೆ.

ನಷ್ಟವೆಷ್ಟು? ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ದಿನಕ್ಕೆ 8 ಮಿಲಿಮೀಟರು ಆರಿದರೆ, 10 ಚದರ ಮೀಟರಿನ ಪಾತಿಯಿಂದ 80 ಲೀಟರು ಹೋದಂತೆ. 15 ಲೀಟರಿನ ಕೊಡದಲ್ಲಿ ಐದು ಕೊಡಕ್ಕೂ ಹೆಚ್ಚು.

ಹಾಗಾದರೆ ಗಾಳಿಗೆ ಗೋಡೆ ಕಟ್ಟಬಹುದಲ್ಲವೆ? ಗಟ್ಟಿ ಗೋಡೆಯನ್ನು ಗಾಳಿ ಮೇಲೇರಿ ದಾಟಿ, ಆಚೆ ಸುಳಿಯಾಗಿ ಕೆಳಗಿಳಿಯುತ್ತದೆ. ಸುಮಾರು ಅರ್ಧದಷ್ಟು ಗಾಳಿಯನ್ನು ತನ್ನ ಮೂಲಕವೇ ಸೋಸಿ ಬಿಡುವ ಬೇಲಿಯೇ ಮೇಲು. ಅದರ ಆಸರೆ ಬೇಲಿಯ ಎತ್ತರದ ಹತ್ತು ಪಟ್ಟು ದೂರದವರೆಗೆ ಚೆನ್ನಾಗಿ ಸಿಕ್ಕುತ್ತದೆ: 2 ಮೀಟರು ಬೇಲಿಗೆ 20 ಮೀಟರು. ಗಾಳಿ ಬರುವ ಪಡುವಣ ದಿಕ್ಕಿಗೆ ಅಗಸೆ ಮರದ ಸಾಲು ಹಾಕಿ, ಅದು ಬೆಳೆಯುವವರೆಗೆ ತೊಗರಿಕಟ್ಟಿಗೆಯ ತಟ್ಟಿಯನ್ನು ನಿಲ್ಲಿಸಬಹುದು.

ಇಷ್ಟರಿಂದ ಮಣ್ಣಿನ ನಷ್ಟ ಪೂರ್ಣವಾಗಿ ನಿಲ್ಲದು. ಎರೆಮಣ್ಣು ಒಣಗಿದಾಗ ಬಿರಿದು, ಆಳದ ತೇವಕ್ಕೂ ದಾರಿಯಾಗುತ್ತದೆ. ಆದುದರಿಂದ ಮೇಲ್ಮಣ್ಣನ್ನು ಕೆದಕಿ ಬಿರುಕನ್ನು ಮುಚ್ಚಿ, ಮೇಲೆ ಕಬ್ಬಿನ ರವದಿಯನ್ನು ದಪ್ಪವಾಗಿ ಹಾಸಬೇಕು. ನೀರನ್ನು ಬೇರಿನ ಬಳಿಗೇ ಮುಟ್ಟಿಸಲು, ಸುಟ್ಟ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂಳಿ, ನೀರು ತುಂಬಿ ಮುಚ್ಚಿಡುವ ಉಪಾಯವುಂಟು. ಮಣ್ಣು ಒಣಗಿದಷ್ಟೂ ಗಡಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ನೆನೆದಾಗ ಹೀರುವುದು ಕಡಿಮೆಯಾಗುತ್ತದೆ. ಕ್ರಿಸ್ತಪೂರ್ವ 1ನೆಯ ಶತಮಾನದ ಚೀನೀ ಕೃಷಿಗ್ರಂಥವೊಂದು ಈ ವಿಧಾನವನ್ನು ವರ್ಣಿಸಿದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಸಮನಾದ ಎರಡು ತಟ್ಟೆಗಳಲ್ಲಿ ಸಮನಾಗಿ ನೀರನ್ನಳೆದು ಬಿಸಿಲಿನಲ್ಲಿಡಿ. ಒಂದು ಬಯಲಿನಲ್ಲಿರಲಿ, ಇನ್ನೊಂದು, ನೆರಳು ತನ್ನ ಮೇಲೆ ಬೀಳದಂತೆ, ತಟ್ಟಿಯ ಮರೆಯಲ್ಲಿರಲಿ. ಮೂರು ಗಂಟೆಗಳ ಅನಂತರ ಉಳಿದ ನೀರನ್ನು ಅಳೆಯಿರಿ. ಎರಡರ ವ್ಯತ್ಯಾಸವೇ ಬೇಲಿಯ ಸಂಪಾದನೆ. ಅಷ್ಟು ನೀರನ್ನು ಮನೆಯವರು ಮತ್ತೆ ಹೊತ್ತು ತರಬೇಕಾಗಿಲ್ಲ.