ಸೂಕ್ಷ್ಮಜೀವಿ ಸಮುದಾಯಗಳ ಹೋಲಿಕೆ: ಅಂಕಿಅಂಶ ವಿಧಾನಗಳು

1. ಗುರುತಿನ ಡಿಎನ್‌ಎ ಭಾಗ: ಬ್ಯಾಕ್ಟೀರಿಯಾ, ಆರ್ಕಿಯಾಗಳಿಗೆ 16ಎಸ್ ಆರ್‌ಆರ್‌ಎನ್‌ಎ (ಸುಮಾರು 1,500 ಬೇಸ್ ಜೋಡಿ, 9 ವ್ಯತ್ಯಯ ವಲಯ), ಶಿಲೀಂಧ್ರಕ್ಕೆ ಐಟಿಎಸ್.

2. ಆಲ್ಫಾ ವೈವಿಧ್ಯ: ಒಂದೇ ಮಾದರಿಯೊಳಗೆ. ಬೀಟಾ: ಮಾದರಿಗಳ ನಡುವೆ. ಗಾಮಾ: ಇಡೀ ಪ್ರದೇಶದ್ದು. ಪದಗಳನ್ನು ಕೊಟ್ಟವರು ವಿಟೇಕರ್ (1960). ಐದು ಸಾಮ್ರಾಜ್ಯಗಳ ವರ್ಗೀಕರಣದ (1969) ವಿಟೇಕರ್ ಇವರೇ.

3. ಆಲ್ಫಾ ಸೂಚ್ಯಂಕಗಳು: ಶ್ಯಾನನ್ (1948), ಸಿಂಪ್ಸನ್ (1949), ಚಾವೊ-1 (ಎಣಿಕೆಗೆ ಸಿಗದ ಪ್ರಭೇದಗಳನ್ನೂ ಸೇರಿಸಿದ ಅಂದಾಜು).
ಎಚ್ಚರ: ಸಿಂಪ್ಸನ್‌ನ ಮೂಲ ‘ಡಿ’ ಹೆಚ್ಚಾದರೆ ವೈವಿಧ್ಯ ಕಡಿಮೆ. ಹಾಗಾಗಿ 1–ಡಿ ಬಳಕೆ.

4. ಬೀಟಾ ಅಳತೆಗಳು (ಹೆಚ್ಚು ಗೊಂದಲ ಇಲ್ಲೇ):
• ಜಕಾರ್ಡ್: ಪ್ರಭೇದ ಇದೆಯೋ ಇಲ್ಲವೋ ಅಷ್ಟೇ.
• ಬ್ರೇ-ಕರ್ಟಿಸ್ (1957): ಪ್ರಮಾಣವೂ ಲೆಕ್ಕಕ್ಕೆ. 0 = ಪೂರ್ತಿ ಒಂದೇ, 1 = ಸಮಾನ ಪ್ರಭೇದವೇ ಇಲ್ಲ.
• ಯೂನಿಫ್ರ್ಯಾಕ್ (2005, ಲೊಜುಪೋನ್–ನೈಟ್): ವಂಶವೃಕ್ಷದ ಕೊಂಬೆಗಳ ಉದ್ದ ಆಧಾರ. ತೂಕಸಹಿತ ವಿಧದಲ್ಲಿ ಪ್ರಮಾಣ ಸೇರುತ್ತದೆ, ತೂಕರಹಿತದಲ್ಲಿ ಇಲ್ಲ.

5. ಪರ್ಮನೋವಾ (ಆಂಡರ್ಸನ್, 2001): ಮಾದರಿಗಳ ಗುಂಪಿನ ಹೆಸರುಗಳನ್ನು ಮತ್ತೆ ಮತ್ತೆ ಕಲೆಸಿ ಪಿ-ಮೌಲ್ಯ ಪಡೆಯುವ ಪರೀಕ್ಷೆ. ಗುಂಪುಗಳ ಕೇಂದ್ರ ಒಂದೇ ಇದ್ದು ಚದುರುವಿಕೆ ಮಾತ್ರ ಬೇರೆಯಾದರೂ ‘ವ್ಯತ್ಯಾಸವಿದೆ’ ಎಂದೀತು. ಚದುರುವಿಕೆಗೆ ಪ್ರತ್ಯೇಕ ಪರೀಕ್ಷೆ: ಪರ್ಮ್‌ಡಿಸ್ಪ್.

6. ಪಿಸಿಒಎ (ಪ್ರಧಾನ ನಿರ್ದೇಶಾಂಕ ವಿಶ್ಲೇಷಣೆ) ಮಾದರಿಗಳ ನಡುವಿನ ದೂರದ ಚಿತ್ರಣ ಮಾತ್ರ, ಪಿ-ಮೌಲ್ಯ ಕೊಡುವುದಿಲ್ಲ. ಯಾವುದೇ ದೂರದ ಅಳತೆಯಿಂದ ಬರೆಯಬಹುದು. ಪಿಸಿಎಗೆ (ಪ್ರಧಾನ ಘಟಕ ವಿಶ್ಲೇಷಣೆ) ಆಧಾರ ಯೂಕ್ಲಿಡ್ ದೂರ.

7. ಡಿಎನ್‌ಎ ಅನುಕ್ರಮಣ ಯಂತ್ರ ಓದಿದ ತುಣುಕುಗಳ (ಓದುಗಳ) ಒಟ್ಟು ಸಂಖ್ಯೆ ಯಂತ್ರದ ಮಿತಿ, ಜೀವಿಗಳ ಸಂಖ್ಯೆಯಲ್ಲ. ಒಂದರ ಪಾಲು ಏರಿದರೆ ಉಳಿದವುಗಳ ಪಾಲು ತಾನಾಗಿ ಇಳಿಯುತ್ತದೆ. ಪರಿಹಾರ: ಐಚಿಸನ್‌ನ ಲಾಗ್-ಅನುಪಾತ.