ಲೋಹಕ್ಕೆ ಎಲುಬು ಅಂಟುವ ಬಗೆ



ಸವೆದ ಸೊಂಟದ ಕೀಲು ತೆಗೆದು ಟೈಟಾನಿಯಂ ಲೋಹದ ಕೀಲು ಹಾಕುವುದನ್ನು ನಾವು ಬಲ್ಲೆವು. ಅನೇಕ ಕೀಲುಗಳ ಮೈಯನ್ನು ಬೇಕೆಂದೇ ಒರಟಾಗಿಸಿರುತ್ತಾರೆ. ಕೆಲವುಗಳ ಉಬ್ಬುತಗ್ಗು ನ್ಯಾನೋಮೀಟರಿನ ಅಳತೆಯದು. ಒಂದು ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲೇ ನ್ಯಾನೋಮೀಟರ್. ಎಲುಬಿನ ಜೀವಕೋಶಗಳು ಆ ಒರಟನ್ನು ಹಿಡಿದು ಹೊಸ ಎಲುಬು ಕಟ್ಟುತ್ತವೆ.

ಆದರೆ ರೋಗಾಣುಗಳಿಗೂ ಅದೇ ಜಾಗ ಬೇಕು. ಮೊದಲು ಯಾರು ನೆಲೆಯೂರುವರೆಂಬ ಈ ಪೈಪೋಟಿಯನ್ನು ಅಮೇರಿಕದ ವೈದ್ಯ ಆಂಥನಿ ಗ್ರಿಸ್ಟಿನಾ 1987ರಲ್ಲಿ ಓಟದ ಪಂದ್ಯಕ್ಕೆ ಹೋಲಿಸಿದರು. ನಮ್ಮ ಬೇಡಗದ ಹೊಲಗಳಲ್ಲೂ ಬೆಳೆ ಮೊದಲು ಬೇರು ಬಿಟ್ಟರೆ ಕಳೆಗೆ ಎಡೆಯಿಲ್ಲ.

ಆದ್ದರಿಂದ ಶಸ್ತ್ರಕ್ರಿಯೆಯಾದವರು ತಂಬಾಕು ಬಿಡಬೇಕು. ಡಾಕ್ಟರರು ಹೇಳುವವರೆಗೆ ಚೀಲ ಹೊರಬಾರದು. ಗಾಯ ಸೋರಿದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯೋಣ.